ನೇಗಿಲ ಸಾಲಿನ ಹೆಸರು

ಮಕ್ಕಳಿಗೆ ಇಡುವ ಹೆಸರುಗಳ ಪುಸ್ತಕವನ್ನು ಸಾಹಿತ್ಯವೆಂದು ಯಾರೂ ಎಣಿಸುವುದಿಲ್ಲ. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಪಂಚಾಂಗ, ರಂಗೋಲಿ ಪುಸ್ತಕ, ಹೊಸರುಚಿ ಪುಸ್ತಕಗಳ ನಡುವೆ ಅದು ತೂಗಾಡುತ್ತಿರುತ್ತದೆ. ವಿಮರ್ಶಕರು ಅದರ ಕಡೆ ತಿರುಗಿಯೂ ನೋಡಿದವರಲ್ಲ. ಆದರೆ ನಮ್ಮಂಥ ಊರುಗಳ ಹೆಂಗಸರು ಕೈಯಲ್ಲಿ ಪೆನ್ಸಿಲ್ ಹಿಡಿದು, ಗುರುತು ಹಾಕಿಕೊಂಡು, ಒಂದೊಂದು ಪದದ ಅರ್ಥವನ್ನೂ ತೂಗಿ ನೋಡುತ್ತ ಓದುವ ಪುಸ್ತಕ ಯಾವುದಾದರೂ ಇದ್ದರೆ ಅದು ಇದೇ. ಹಾಗಾಗಿ ಅದನ್ನೇ ವಿಮರ್ಶೆಗೆ ಎತ್ತಿಕೊಳ್ಳೋಣ ಎನ್ನಿಸಿದೆ. ಇಡೀ ಪುಸ್ತಕವನ್ನಲ್ಲ, ಅದರ ಒಂದೇ ಒಂದು ಸಾಲನ್ನು.

ಸೀತಾ ಎಂಬ ಹೆಸರಿನ ಎದುರು ಶ್ರೀರಾಮನ ಪತ್ನಿ ಎಂದು ಬರೆದಿರುತ್ತಾರೆ. ನಾನು ತೆರೆದು ನೋಡಿದ ನಾಲ್ಕೈದು ಪುಸ್ತಕಗಳಲ್ಲೂ ಹೀಗೆಯೇ ಇದೆ. ಒಂದರಲ್ಲಿ ಮಾತ್ರ ಉದಾರವಾಗಿ ಜನಕರಾಜನ ಮಗಳು ಎಂದೂ ಸೇರಿಸಿದ್ದಾರೆ. ಅದೇ ಪುಸ್ತಕದಲ್ಲಿ ಗಂಡುಮಕ್ಕಳ ಭಾಗಕ್ಕೆ ಹೋಗಿ ರಾಮ ಎಂಬಲ್ಲಿ ನೋಡಿ. ಮನೋಹರ, ಆನಂದ ಕೊಡುವವನು ಎಂದಿರುತ್ತದೆಯೇ ಹೊರತು ಸೀತೆಯ ಗಂಡ ಎಂದಿರುವುದಿಲ್ಲ. ಇರಬೇಕೆಂದು ನಾನೂ ಹೇಳುವುದಿಲ್ಲ, ಏಕೆಂದರೆ ಅದು ಅರ್ಥವಲ್ಲ. ಅರ್ಥ ಕೇಳಿದರೆ ವಿಳಾಸ ಕೊಟ್ಟ ಹಾಗೆ ಅದು. ರಾಮಾಯಣವನ್ನೆಲ್ಲ ಕೇಳಿ ರಾಮನಿಗೂ ಸೀತೆಗೂ ಏನು ಸಂಬಂಧ ಎಂದವನನ್ನು ನಮ್ಮ ಗಾದೆ ಹಾಸ್ಯ ಮಾಡುತ್ತದೆ. ಅವನಿಗೆ ಸಂಬಂಧವೊಂದು ಗೊತ್ತಿರಲಿಲ್ಲ. ಈ ಪುಸ್ತಕಗಳಿಗೆ ಸಂಬಂಧವೊಂದೇ ಗೊತ್ತು.

ಸೀತಾ ಎಂದರೆ ನೇಗಿಲು ನೆಲದಲ್ಲಿ ಎಳೆದ ಗೆರೆ. ನಮ್ಮ ರೈತರು ಸಾಲು ಎನ್ನುತ್ತಾರಲ್ಲ, ಅದೇ. ಹೊಲ ಉಳುವಾಗ ನೇಗಿಲ ಹಿಂದೆ ಹಸಿ ಮಣ್ಣು ಎರಡು ಕಡೆಗೂ ಮಗುಚಿಕೊಂಡು ನಡುವೆ ಉಳಿಯುವ ತಗ್ಗು. ಇದು ವಾಲ್ಮೀಕಿಗಿಂತ ಎಷ್ಟೋ ಹಳೆಯ ಮಾತು. ಋಗ್ವೇದದ ನಾಲ್ಕನೆಯ ಮಂಡಲದ 57ನೆಯ ಸೂಕ್ತ ಹೊಲದ ಒಡೆಯನಾದ ದೇವತೆಯದು. ಅದರಲ್ಲಿ ಸೀತೆಯನ್ನು ಹತ್ತಿರ ಬಾ, ನಮಗೆ ಒಳಿತು ಮಾಡು, ಚೆನ್ನಾಗಿ ಫಲ ಕೊಡು ಎಂದು ಬೇಡಿಕೊಂಡಿದ್ದಾರೆ. ಅಲ್ಲಿ ರಾಮನೂ ಇಲ್ಲ, ಜನಕನೂ ಇಲ್ಲ. ಉತ್ತ ನೆಲವೇ ದೇವತೆ. ಮುಂದೆ ಪಾರಸ್ಕರ ಗೃಹ್ಯಸೂತ್ರದಲ್ಲಿ ಸೀತಾಯಜ್ಞವೆಂಬ ಬೇಸಾಯದ ಹಬ್ಬವೊಂದು ಬರುತ್ತದೆ. ಅಷ್ಟು ಹೊತ್ತಿಗೆ ಅವಳು ಇಂದ್ರನ ಹೆಂಡತಿಯಾಗಿಬಿಟ್ಟಿದ್ದಾಳೆ! ತೈತ್ತಿರೀಯ ಬ್ರಾಹ್ಮಣದಲ್ಲಿ ಇನ್ನೊಂದು ಕಥೆ. ಅಲ್ಲಿ ಸೀತೆ ಪ್ರಜಾಪತಿಯ ಮಗಳು, ಸೋಮನನ್ನು ಇಷ್ಟಪಟ್ಟವಳು. ಆ ಸೋಮನಿಗೋ ಶ್ರದ್ಧೆಯೆಂಬ ಬೇರೆಯವಳ ಮೇಲೆ ಮನಸ್ಸು. ನೋಡಿ, ಒಂದು ಗೆರೆಗೆ ಹೆಸರಿಟ್ಟದ್ದೇ ತಡ, ಅವಳಿಗೆ ಗಂಡು ಹುಡುಕುವ ಕೆಲಸವೂ ಶುರುವಾಯಿತು.

ದೇವತೆಯಾಗಿದ್ದ ಈ ಮಾತು ಲೆಕ್ಕಪತ್ರಕ್ಕೂ ಇಳಿಯಿತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸೀತಾ ಎಂದರೆ ಅರಸನ ಸ್ವಂತ ಭೂಮಿಯ ಬೇಸಾಯ, ಅದರಿಂದ ಬರುವ ಆದಾಯ. ಅದನ್ನು ನೋಡಿಕೊಳ್ಳುವ ಅಧಿಕಾರಿ ಸೀತಾಧ್ಯಕ್ಷ. ಈ ಗ್ರಂಥ ಮತ್ತೆ ಬೆಳಕಿಗೆ ಬಂದದ್ದು ನಮ್ಮ ಮೈಸೂರಿನಲ್ಲೇ. ಓರಿಯಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಾಶಾಸ್ತ್ರಿಗಳು ತಾಳೆಗರಿಯ ಪ್ರತಿಯನ್ನು ಗುರುತಿಸಿ 1909ರಲ್ಲಿ ಅಚ್ಚು ಮಾಡಿಸಿದರು. ಸೀತಾಧ್ಯಕ್ಷ ಎಂಬ ಹೆಸರನ್ನು ಮೊದಲ ಸಲ ಓದಿದಾಗ ನನಗೆ ನಗು ಬಂತು, ಯಾವುದೋ ಮಹಿಳಾ ಸಮಾಜದ ಅಧ್ಯಕ್ಷಗಿರಿಯ ಹಾಗೆ ಕೇಳಿಸಿತು. ಆದರೆ ಯೋಚಿಸಿದರೆ ಅದು ನಗುವ ಮಾತಲ್ಲ. ನೆಲ, ಅದರ ಒಡೆತನ, ಅದರ ಲೆಕ್ಕ, ಇವೆಲ್ಲ ಈ ಹೆಸರಿನೊಳಗೆ ಮೊದಲಿನಿಂದಲೂ ಸೇರಿಕೊಂಡಿವೆ.

ಸೀತೆಗಿರುವ ಉಳಿದ ಹೆಸರುಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಜನಕನ ಮಗಳಾದ್ದರಿಂದ ಜಾನಕಿ, ವಿದೇಹ ದೇಶದವಳಾದ್ದರಿಂದ ವೈದೇಹಿ, ಮಿಥಿಲೆಯವಳಾದ್ದರಿಂದ ಮೈಥಿಲಿ. ಕೇಳುವುದಕ್ಕೆ ಇಂಪಾಗಿವೆ, ಅದರಲ್ಲೂ ಮೈಥಿಲಿ. ಆದರೆ ಇವೆಲ್ಲ ತವರಿನ ಮುದ್ರೆಗಳು. ನಮ್ಮ ಪುರಾಣಗಳ ರಾಣಿಯರ ಕಥೆ ಬಹಳಷ್ಟು ಹೀಗೆಯೇ. ಕೋಸಲದವಳು ಕೌಸಲ್ಯೆ, ಕೇಕಯದವಳು ಕೈಕೇಯಿ, ಗಾಂಧಾರದವಳು ಗಾಂಧಾರಿ, ಮದ್ರದವಳು ಮಾದ್ರಿ. ತೊಟ್ಟಿಲಲ್ಲಿ ಇವರನ್ನು ಏನೆಂದು ಕರೆದಿರಬಹುದು? ದ್ರೌಪದಿಗೆ ಕೃಷ್ಣೆ ಎಂಬ ಸ್ವಂತ ಹೆಸರಿದ್ದರೂ ನಮ್ಮ ಬಾಯಲ್ಲಿ ಉಳಿದದ್ದು ಅಪ್ಪನ ಹೆಸರು. ಕುಂತಿಗೆ ಪೃಥೆ ಎಂಬ ಹೆಸರಿದ್ದರೂ ಉಳಿದದ್ದು ಸಾಕಿದಪ್ಪನದು. ಇವರ ನಡುವೆ ಸೀತೆ ಎಂಬುದು ಬೇರೆಯಾಗಿ ನಿಲ್ಲುತ್ತದೆ. ಅದು ಅಪ್ಪನದೂ ಅಲ್ಲ, ಗಂಡನದೂ ಅಲ್ಲ, ರಾಜ್ಯದ್ದೂ ಅಲ್ಲ. ಅವಳು ಸಿಕ್ಕಿದ ಜಾಗದ ಹೆಸರು, ಅದೂ ಅರಮನೆಯಲ್ಲ, ಮಣ್ಣಿನ ಸಾಲು. ಇಂಥ ಹೆಸರಿನ ಎದುರಿಗೇ ಹೋಗಿ ಶ್ರೀರಾಮನ ಪತ್ನಿ ಎಂದು ಬರೆಯುತ್ತಾರಲ್ಲ ಎಂದು ನನ್ನ ಕೋಪ.

ವಾಲ್ಮೀಕಿ ಈ ಹೆಸರಿನ ಹುಟ್ಟನ್ನು ಎರಡು ಬಾರಿ, ಎರಡು ಬಾಯಲ್ಲಿ ಹೇಳಿಸಿದ್ದಾನೆ. ಒಂದು ಬಾಲಕಾಂಡದಲ್ಲಿ ಜನಕನ ಬಾಯಲ್ಲಿ, ವಿಶ್ವಾಮಿತ್ರರ ಮುಂದೆ. ನೆಲ ಉಳುತ್ತಿದ್ದೆ, ನೇಗಿಲ ಸಾಲಿನಿಂದ ಎದ್ದು ಬಂದಳು, ಹಾಗಾಗಿ ಸೀತೆ ಎಂದು ಹೆಸರಾಯಿತು, ಅಷ್ಟೆ. ಮುಂದಿನ ಮಾತೇ ಅವಳನ್ನು ಪಡೆಯಲು ಪರಾಕ್ರಮವೇ ಶುಲ್ಕ ಎಂಬುದು, ಆಮೇಲೆ ಬಿಲ್ಲಿನ ವಿಚಾರ. ಹೆಣ್ಣು ಕೊಡುವ ಅಪ್ಪನ ಮಾತು ಹೇಗಿರಬೇಕೋ ಹಾಗಿದೆ. ಮಗು ಹೇಗಿತ್ತು, ಯಾರು ಎತ್ತಿಕೊಂಡರು, ಯಾರು ಬೆಳೆಸಿದರು ಎಂಬುದಿಲ್ಲ.

ಇನ್ನೊಂದು ಅಯೋಧ್ಯಾಕಾಂಡದ ಕೊನೆಯಲ್ಲಿ. ಕಾಡಿಗೆ ಹೊರಟವರು ಅತ್ರಿಯ ಆಶ್ರಮದಲ್ಲಿ ತಂಗಿದಾಗ ವಯಸ್ಸಾದ ಅನಸೂಯೆ ಸೀತೆಯನ್ನು ಹತ್ತಿರ ಕೂರಿಸಿಕೊಂಡು, ನಿನ್ನ ಸ್ವಯಂವರದ ಕಥೆ ಹೇಳಮ್ಮ ಎಂದು ಕೇಳುತ್ತಾಳೆ. ಕೇಳಿದ್ದು ಮದುವೆಯ ಕಥೆ. ಸೀತೆ ಶುರು ಮಾಡುವುದು ಹುಟ್ಟಿನಿಂದ. ಜನಕ ಉಳುತ್ತಿದ್ದ, ಮುಷ್ಟಿ ತುಂಬಿ ಎರಚುತ್ತಿದ್ದ, ಆಗ ಮೈಯೆಲ್ಲ ಮಣ್ಣಾಗಿ ಬಿದ್ದಿದ್ದ ಕೂಸನ್ನು ಕಂಡು ಬೆರಗಾದ. ಮಕ್ಕಳಿಲ್ಲದವನು, ಪ್ರೀತಿಯಿಂದ ತೊಡೆಯ ಮೇಲಿಟ್ಟುಕೊಂಡು ಇವಳು ನನ್ನ ಮಗಳು ಎಂದ. ಆಮೇಲೆ ಹಿರಿಯ ರಾಣಿಯ ಕೈಗೆ ಕೊಟ್ಟ, ಅವಳು ತಾಯಿಯ ಅಕ್ಕರೆಯಿಂದ ಸಾಕಿದಳು. ಮಣ್ಣು, ತೊಡೆ, ಸಾಕಿದ ತಾಯಿ, ಜನಕನ ಮಾತಿನಲ್ಲಿ ಬಿಟ್ಟುಹೋದದ್ದೆಲ್ಲ ಇಲ್ಲಿದೆ. ಒಬ್ಬ ಹೆಂಗಸು ಇನ್ನೊಬ್ಬ ಹೆಂಗಸಿಗೆ ಹೇಳುವಾಗ ಇವು ತಾವಾಗಿ ಬರುತ್ತವೆ. ಆ ಹಿರಿಯ ರಾಣಿಗೆ ಮಾತ್ರ ಈ ಮಾತಿನಲ್ಲಿ ಹೆಸರಿಲ್ಲ ಎಂಬುದನ್ನೂ ಗಮನಿಸಬೇಕು.

ಇದರ ಬೆನ್ನಿಗೇ ಸೀತೆ ಇನ್ನೊಂದು ಮಾತು ಹೇಳುತ್ತಾಳೆ. ತಾನು ಮದುವೆಯ ವಯಸ್ಸಿಗೆ ಬಂದಾಗ ಅಪ್ಪ ಹಣ ಕಳೆದುಕೊಂಡ ಬಡವನ ಹಾಗೆ ಚಿಂತೆಗೆ ಬಿದ್ದ. ಹೆಣ್ಣು ಹೆತ್ತವನು ಇಂದ್ರನಿಗೆ ಸಮನಾಗಿದ್ದರೂ ಸರೀಕರಿಂದಲೂ ಕೀಳಾದವರಿಂದಲೂ ತಾತ್ಸಾರ ಪಡಬೇಕಾಗುತ್ತದೆ. ಅಪ್ಪನ ಮುಖದ ಮೇಲಿನ ಆ ಚಿಂತೆಯನ್ನು ಮಗಳು ಓದಿಕೊಂಡಿದ್ದಳು. ಹರಿಕಥೆಗಳಲ್ಲಿ ಬಿಲ್ಲು ಮುರಿಯುವ ಪ್ರಸಂಗವನ್ನು ಎಷ್ಟು ಸಲ ಕೇಳಿಲ್ಲ ನಾನು! ಈ ಎರಡು ಮಾತುಗಳನ್ನು ಯಾರೂ ಎತ್ತಿ ಹೇಳಿದ್ದು ನೆನಪಿಲ್ಲ.

ಇಲ್ಲಿ ಒಂದು ತಕರಾರು ಬರಬಹುದು, ಬರಲೇಬೇಕು. ಹೆಣ್ಣಿಗೆ ಹೊಲದ ಸಾಲಿನ ಹೆಸರಿಟ್ಟದ್ದು ಅಷ್ಟು ಸಂಭ್ರಮಪಡುವ ಸಂಗತಿಯೆ? ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯ ಹೆಂಗಸನ್ನು ಹೊಲ, ಗಂಡಸನ್ನು ಬೀಜ ಎಂದು ಹೋಲಿಸಿ, ಬೆಳೆ ಯಾರಿಗೆ ಸೇರಬೇಕೆಂದು ಚರ್ಚೆ ಮಾಡುತ್ತದೆ. ಹೊಲ ಎಂದಮೇಲೆ ಒಡೆಯ ಬೇಕು, ಬೇಲಿ ಬೇಕು. ಆ ಹೋಲಿಕೆಯ ಒಂದು ತುಣುಕೇ ಈ ಹೆಸರು ಎಂದು ಯಾರಾದರೂ ಹೇಳಿದರೆ ಸುಲಭವಾಗಿ ತಳ್ಳಿಹಾಕುವಂತಿಲ್ಲ. ಆದರೆ ಸೀತೆಯ ಮಾತನ್ನೇ ಇನ್ನೊಮ್ಮೆ ಓದಿ. ಬಿತ್ತುವವನ ಮುಷ್ಟಿ ಇನ್ನೂ ಖಾಲಿಯಾಗಿಲ್ಲ, ಅಷ್ಟರಲ್ಲಿ ಕೂಸು ಅಲ್ಲಿದೆ. ಯಾರ ಬೀಜವೂ ಅಲ್ಲ ಅದು. ಮನುವಿನ ಲೆಕ್ಕ ಈ ಹೊಲದಲ್ಲಿ ಮಾತ್ರ ಹೊಂದುವುದಿಲ್ಲ. ಜನಕ ಅವಳನ್ನು ಹುಟ್ಟಿಸಿ ಅಪ್ಪನಾದವನಲ್ಲ, ಎತ್ತಿಕೊಂಡು ಅಪ್ಪನಾದವನು. ಕಥೆಗಾರರಿಗೆ ತಡೆಯಲಾಗದೆ ಹೋದದ್ದು ಇದೇ ಎಂದು ನನಗೆ ಅನುಮಾನ. ಯಾರ ಮಗಳೆಂದು ಗೊತ್ತಿಲ್ಲದ ಹೆಣ್ಣನ್ನು ಹಾಗೇ ಬಿಡುವುದು ಹೇಗೆ?

ನಮ್ಮ ಕಡೆಯ ಜೈನ ಕವಿಗಳು ಅದನ್ನು ಸರಿಪಡಿಸಲು ಹೊರಟರು. ನಾಗಚಂದ್ರನ ರಾಮಚಂದ್ರಚರಿತ ಪುರಾಣದಲ್ಲಿ ಸೀತೆ ಜನಕನ ಸ್ವಂತ ಮಗಳು, ಜೊತೆಗೆ ಪ್ರಭಾಮಂಡಲನೆಂಬ ಅವಳಿ ತಮ್ಮ ಬೇರೆ. ವಿಮಲಸೂರಿಯ ಪ್ರಾಕೃತ ಕಾವ್ಯದಿಂದ ಬಂದ ದಾರಿ ಅದು. ಅಚ್ಚುಕಟ್ಟಾದ ಸಂಸಾರ, ಅಚ್ಚುಕಟ್ಟಾದ ಕಾವ್ಯ. ನಾಗಚಂದ್ರ ನನಗೆ ಇಷ್ಟದ ಕವಿಯೇ, ಅವನ ರಾವಣನಂಥ ಪಾತ್ರ ಇನ್ನೊಬ್ಬರಲ್ಲಿ ಸಿಗುವುದು ಕಷ್ಟ. ಆದರೆ ಹೀಗೆ ಮಾಡಿದ್ದರಿಂದ ಹೆಸರು ಅನಾಥವಾಯಿತು. ಸಾಲಿಲ್ಲದ ಮೇಲೆ ಸೀತೆ ಎಂದೇಕೆ ಕರೆಯಬೇಕು? ರಾಷ್ಟ್ರಕೂಟರ ಕಾಲದ ಗುಣಭದ್ರಾಚಾರ್ಯರ ಸಂಸ್ಕೃತ ಉತ್ತರಪುರಾಣ ಇನ್ನೊಂದು ದಾರಿ ಹಿಡಿಯಿತು. ಅಲ್ಲಿ ಅವಳು ರಾವಣ ಮಂಡೋದರಿಯರ ಮಗಳು. ಕೇಡು ತರುವ ಹೆಣ್ಣೆಂದು ಪೆಟ್ಟಿಗೆಯಲ್ಲಿಟ್ಟು ಮಿಥಿಲೆಯ ನೆಲದಲ್ಲಿ ಹೂತು ಬರುತ್ತಾರೆ, ನೆಲ ಉಳುವಾಗ ಸಿಗುತ್ತಾಳೆ. ಹೆಣ್ಣುಕೂಸನ್ನು ಕಸದ ತೊಟ್ಟಿಯ ಪಕ್ಕ ಬಿಟ್ಟುಹೋದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗಲೆಲ್ಲ ನನಗೆ ಈ ಪೆಟ್ಟಿಗೆಯ ನೆನಪಾಗುತ್ತದೆ.

ಈ ಎಲ್ಲ ಪಂಡಿತರನ್ನೂ ಮೀರಿಸಿದ ಅರ್ಥವೊಂದು ಅಚ್ಚ ಕನ್ನಡದಲ್ಲಿದೆ. ಅದು ನಮ್ಮ ಜನಪದ ಗಾಯಕರದು. 1973ರಲ್ಲಿ ಮೈಸೂರಿನಿಂದ ಅಚ್ಚಾದ ‘ಜನಪದ ರಾಮಾಯಣ’ದಲ್ಲಿರುವ ಈ ಕಥೆಯನ್ನು ಎ.ಕೆ. ರಾಮಾನುಜನ್ ತಮ್ಮ ಮುನ್ನೂರು ರಾಮಾಯಣಗಳ ಪ್ರಬಂಧದಲ್ಲಿ ಹೇಳಿ ಹೊರನಾಡಿಗೂ ಮುಟ್ಟಿಸಿದರು. ದೆಹಲಿ ವಿಶ್ವವಿದ್ಯಾಲಯ 2011ರಲ್ಲಿ ಪಠ್ಯದಿಂದ ಕೈಬಿಟ್ಟದ್ದು ಇದೇ ಪ್ರಬಂಧವನ್ನು. ಆ ಗದ್ದಲದಲ್ಲಿ ಕಥೆಯನ್ನು ಓದಿದವರಿಗಿಂತ ಓದದವರ ದನಿಯೇ ಜೋರಾಗಿತ್ತು. ಕಥೆ ಹೀಗಿದೆ. ರಾವಣನನ್ನು ಹಾಡಿನಲ್ಲಿ ರಾವುಳ ಎನ್ನುತ್ತಾರೆ. ಅವನಿಗೆ ಮಕ್ಕಳಿಲ್ಲ. ಜೋಗಿಯ ವೇಷದಲ್ಲಿದ್ದ ಶಿವ ಒಂದು ಮಾವಿನಹಣ್ಣು ಕೊಟ್ಟು, ಹೆಂಡತಿಯ ಜೊತೆ ಹೇಗೆ ಹಂಚಿಕೊಳ್ಳುತ್ತೀಯೆ ಎಂದು ಕೇಳುತ್ತಾನೆ. ತಿರುಳು ಅವಳಿಗೆ, ವಾಟೆ ನನಗೆ ಎಂದು ರಾವುಳ ಮಾತು ಕೊಡುತ್ತಾನೆ. ಮನೆಗೆ ಬಂದು ಮಾಡುವುದು ತಿರುಗಾಮುರುಗಾ: ತಿರುಳು ತಾನು ತಿಂದು ವಾಟೆಯನ್ನು ಮಂಡೋದರಿಗೆ ನೆಕ್ಕಲು ಕೊಡುತ್ತಾನೆ. ಆಮೇಲೇನು, ಬಸುರಾದವನು ಅವನೇ! ದಿನಕ್ಕೊಂದು ತಿಂಗಳಂತೆ ಒಂಬತ್ತು ದಿನದಲ್ಲಿ ಒಂಬತ್ತು ತಿಂಗಳು ತುಂಬುತ್ತವೆ. ಹಾಡುವವರು ಒಂದೊಂದೇ ದಿನವನ್ನು ಎಣಿಸಿ ಎಣಿಸಿ ಅವನ ಸಂಕಟವನ್ನು ಹೇಳುತ್ತಾರೆ. ಕೊನೆಗೆ ಒಂದು ಸಲ ಸೀನುತ್ತಾನೆ, ಮೂಗಿನಿಂದ ಮಗು ಹುಟ್ಟುತ್ತದೆ. ಸೋಲು ಎಂಬುದರಿಂದ ಸೋತ ಎಂದು ಬಂದಂತೆ ಸೀನು ಎಂಬುದರಿಂದ ಸೀತ. ಅವನು ಸೀತದ್ದರಿಂದ ಹುಟ್ಟಿದವಳು ಸೀತೆ. ಜೋಯಿಸರ ಮಾತು ಕೇಳಿ ಅವಳನ್ನು ಪೆಟ್ಟಿಗೆಯಲ್ಲಿಟ್ಟು ಜನಕನ ಹೊಲದಲ್ಲಿ ಬಿಡುತ್ತಾರೆ. ಮುಂದೆ ನೀವು ಬಲ್ಲ ರಾಮಾಯಣ.

ಸಂಸ್ಕೃತದ ವ್ಯುತ್ಪತ್ತಿಯ ಮುಂದೆ ಇದು ಬರೀ ತಮಾಷೆ ಎನ್ನುವವರಿದ್ದಾರೆ. ಶಬ್ದಶಾಸ್ತ್ರಕ್ಕೆ ಇದು ಒಪ್ಪುವ ಮಾತಲ್ಲ, ನಿಜ. ಆದರೆ ವಿಮರ್ಶೆಗೆ ಬೇಕಾದ ಮಾತು ಇಲ್ಲಿ ಬೇಕಾದಷ್ಟಿದೆ. ಹೆಂಡತಿಯ ಪಾಲಿನ ಹಣ್ಣು ತಿಂದ ಗಂಡನಿಗೆ ಅವಳ ಪಾಲಿನ ಬಸಿರನ್ನೂ ಹೊರಿಸಿದ್ದಾರಲ್ಲ, ಇದು ಯಾವ ಧರ್ಮಶಾಸ್ತ್ರದಲ್ಲೂ ಇಲ್ಲದ ಶಿಕ್ಷೆ. ಒಳ್ಳೆಯ ತುಂಡನ್ನು ಗಂಡಸರಿಗೆ ಬಡಿಸಿ ತಾವು ತಳದಲ್ಲಿ ಉಳಿದದ್ದನ್ನು ಕೆರೆದುಕೊಂಡು ಉಣ್ಣುವ ಹೆಂಗಸರು ಆ ವಾಟೆಯ ಮಾತು ಕೇಳಿ ಹೇಗೆ ನಕ್ಕಿರಬಹುದು! ಆದರೂ ನನ್ನದೊಂದು ಸಣ್ಣ ಅಸಮಾಧಾನವಿದೆ. ಇಲ್ಲಿಯೂ ಅವಳಿಗೆ ಒಬ್ಬ ಅಪ್ಪನನ್ನು ಹುಡುಕಿಬಿಟ್ಟರು, ತಾಯಿಯನ್ನು ಪೂರಾ ತೆಗೆದುಹಾಕಿದರು. ಮಂಡೋದರಿಗೆ ಹಣ್ಣೂ ಇಲ್ಲ, ಮಗುವೂ ಇಲ್ಲ.

ಈಗ ನಮ್ಮ ಮನೆಯ ಮಾತಿಗೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ತಂಗಿಯ ಮಗಳಿಗೆ ಹೆಣ್ಣುಮಗು ಹುಟ್ಟಿತು. ಶತಭಿಷಾ ನಕ್ಷತ್ರ, ಮೂರನೆಯ ಪಾದ. ಗೋ ಸಾ ಸೀ ಸು ಎಂಬ ನಾಲ್ಕು ಅಕ್ಷರಗಳಲ್ಲಿ ಇವಳ ಪಾಲಿಗೆ ಬಂದದ್ದು ಸೀ. ಹೆಸರಿನ ಪುಸ್ತಕ ಹಿಡಿದುಕೊಂಡು, “ದೊಡ್ಡಮ್ಮ, ಸೀ ಇಂದ ಏನಿದೆ ಹೇಳಿ, ಎಲ್ಲಾ ಹಳೇ ಹೆಸರೇ ಇವೆ” ಎಂದು ಬಂದಳು. ಸೀತಾ ಎಂದಿಡು, ನಮ್ಮ ಅಜ್ಜಿಯ ಹೆಸರೂ ಆಗುತ್ತದೆ ಎಂದೆ. ಅವಳ ಅತ್ತೆ ಕೂಡಲೇ, “ಬೇಡಿ ಅಕ್ಕಾ, ಸೀತೆ ಅಂತ ಇಟ್ಟರೆ ಬಾಳೆಲ್ಲ ಕಷ್ಟವೇ” ಎಂದರು. ಒಳ್ಳೆಯ ಹೆಂಗಸು ಅವರು, ಸೊಸೆಯನ್ನು ಮಗಳಿಗಿಂತ ಚೆನ್ನಾಗಿ ನೋಡಿಕೊಂಡವರು. ಅವರ ಹೆದರಿಕೆಯನ್ನು ಮೂಢನಂಬಿಕೆ ಎಂದು ತಳ್ಳಲು ನನಗೆ ಮನಸ್ಸಾಗಲಿಲ್ಲ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ತುಂಬು ಬಸುರಿಯನ್ನು ಕಾಡಿಗೆ ಬಿಟ್ಟುಬರುವ ಭಾಗವನ್ನು ಗಮಕಿಗಳು ಓದುವಾಗ ಸೆರಗಿನಿಂದ ಕಣ್ಣೊರೆಸಿಕೊಂಡ ತಲೆಮಾರು ಅವರದು. ಸೀತೆಯ ತವರಾದ ಮಿಥಿಲೆಯ ಕಡೆ ರಾಮಸೀತೆಯರ ಮದುವೆಯ ದಿನವಾದ ವಿವಾಹ ಪಂಚಮಿಯಂದು ಉತ್ಸವ ಮಾಡುತ್ತಾರಂತೆ, ತಮ್ಮ ಹೆಣ್ಣುಮಕ್ಕಳ ಮದುವೆಯನ್ನು ಮಾತ್ರ ಆ ದಿನ ಇಟ್ಟುಕೊಳ್ಳುವುದಿಲ್ಲವಂತೆ. ಅದೂ ಒಂದು ವಿಮರ್ಶೆಯೇ ಅಲ್ಲವೆ?

ನಾವು ಕನ್ನಡಿಗರು ಮಲೆನಾಡಿನ ಮರಗಳಲ್ಲಿ ಜೋಲುವ ಹೂಗೊಂಚಲಿಗೆ ಸೀತಾಳೆ ದಂಡೆ ಎನ್ನುತ್ತೇವೆ. ಪೋರ್ಚುಗೀಸರ ಕಾಲದಲ್ಲಿ ಅಮೆರಿಕದ ಕಡೆಯಿಂದ ಬಂದ ಹಣ್ಣಿಗೂ ಸೀತಾಫಲ ಎಂದು ಕರೆದು ನಮ್ಮದಾಗಿಸಿಕೊಂಡೆವು. ಹೂವಿಗೆ, ಹಣ್ಣಿಗೆ ಆಗುವ ಹೆಸರು ಕೂಸಿಗೆ ಆಗುವುದಿಲ್ಲ. ಕೊನೆಗೆ ಆ ಮಗುವಿಗೆ ಸೀಮಾ ಎಂದಿಟ್ಟರು. ಚೆಂದದ ಹೆಸರು, ನಾನೇ ಬೆಳ್ಳಿ ಬಟ್ಟಲು ಉಡುಗೊರೆ ಕೊಟ್ಟು ಬಂದೆ. ಸೀಮಾ ಎಂದರೆ ಎಲ್ಲೆ, ಗಡಿ, ಎಂದರೆ ಅದೂ ನೆಲದ ಮೇಲಿನ ಒಂದು ಗೆರೆಯೇ. ಬಸುರಿಗೆ ಮಾಡುವ ಸೀಮಂತವೂ ಬೈತಲೆಯ ಗೆರೆಯಿಂದ ಬಂದ ಮಾತು. ಹೊಲದೊಳಗಿನ ಗೆರೆ ಬೇಡವೆಂದು ಹೊಲದ ಅಂಚಿನ ಗೆರೆಯನ್ನು ಆರಿಸಿಕೊಂಡಂತಾಯಿತು. ಇದನ್ನು ನಾನು ಅಲ್ಲಿ ಹೇಳಲಿಲ್ಲ, ನಾಮಕರಣದ ಮನೆಯಲ್ಲಿ ಪಾಠ ಹೇಳಬಾರದು.

ಹೆಸರು ಹೆಣ್ಣಿನ ಸ್ವಂತದ್ದೆಂಬುದೇ ನಮ್ಮಲ್ಲಿ ತಡವಾಗಿ ಬಂದ ಮಾತು. ಕೆಲವು ಮನೆತನಗಳಲ್ಲಿ ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಬರೆದು ಹೊಸ ಹೆಸರು ಕೊಡುತ್ತಿದ್ದರು, ಈಗಲೂ ಅಲ್ಲಲ್ಲಿ ಇದೆ. ನಮ್ಮ ಕುಂದಾಪುರದ ಕಥೆಗಾರ್ತಿ ವೈದೇಹಿಯವರು ಹುಟ್ಟುಹೆಸರಿನಿಂದ ವಾಸಂತಿ, ಮದುವೆಯಾದ ಮೇಲೆ ಜಾನಕಿ. ವೈದೇಹಿ ಎಂಬುದು ‘ಸುಧಾ’ ವಾರಪತ್ರಿಕೆಯ ಸಂಪಾದಕರು ಅವರ ಕಥೆಗೆ ಹಾಕಿದ ಹೆಸರು. ಮನೆಯವರು ಕೊಟ್ಟದ್ದೂ ಪತ್ರಿಕೆಯವರು ಕೊಟ್ಟದ್ದೂ ಸೀತೆಯ ಹೆಸರುಗಳೇ ಆದದ್ದು ನೋಡಿ! ಆದರೆ ಆ ಹೆಸರಿನ ಕೆಳಗೆ ಅವರು ಬರೆದದ್ದೆಲ್ಲ ಅಡುಗೆಮನೆಯಲ್ಲಿ ಹೆಂಗಸರು ತಮ್ಮ ತಮ್ಮಲ್ಲಿ ಆಡಿಕೊಳ್ಳುವ ಮಾತು, ಸೀತೆ ಅನಸೂಯೆಗೆ ಹೇಳಿದಂಥದು. ಪರರು ಇಟ್ಟ ಹೆಸರನ್ನು ಒಬ್ಬಳು ಬರೆದು ಬರೆದೇ ತನ್ನದು ಮಾಡಿಕೊಳ್ಳಬಹುದು ಎಂಬುದಕ್ಕೆ ನನಗೆ ಬೇರೆ ಉದಾಹರಣೆ ಬೇಕಿಲ್ಲ.

ನನ್ನ ಅಜ್ಜಿ ಬರೆದವಳಲ್ಲ, ಹೆಬ್ಬೆಟ್ಟಿನವಳು. ಅಜ್ಜ ತೀರಿಕೊಂಡ ಮೇಲೆ ಎರಡೂವರೆ ಎಕರೆ ಖುಷ್ಕಿ ಅವಳ ಹೆಸರಿಗೆ ಆಗಿತ್ತು. ಆ ಪಹಣಿಯ ಹಳೆಯ ನಕಲು ನನ್ನ ಬಳಿ ಇದೆ. ಅದರಲ್ಲಿ ಸೀತಮ್ಮ ಎಂದು ಬರೆದು, ಕೋಂ ಎಂದು ಹಾಕಿ, ಮುಂದೆ ಅಜ್ಜನ ಹೆಸರಿದೆ. ಇಂಥವರ ಹೆಂಡತಿ ಎನ್ನುವುದಕ್ಕೆ ಕಚೇರಿಯ ಮಾತು ಕೋಂ. ಹೆಸರಿನ ಪುಸ್ತಕ ಬರೆದವರನ್ನು ಬೈದು ಏನು ಪ್ರಯೋಜನ, ಸರ್ಕಾರವೇ ಆ ಹೆಸರಿನ ಅರ್ಥವನ್ನು ಹಾಗೆ ಬರೆದಿತ್ತು. ಅವಳ ತವರಿನಲ್ಲಿ ಇಪ್ಪತ್ತು ಎಕರೆಗೂ ಮೇಲೆ ಜಮೀನಿತ್ತು. ಅದರಲ್ಲಿ ಅವಳಿಗೆ ಬಂದದ್ದು ಗೌರಿಹಬ್ಬದ ಒಂದು ಸೀರೆ, ಅದೂ ಅಣ್ಣಂದಿರು ಇರುವವರೆಗೆ. ಕರ್ನಾಟಕದಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಎಂಬ ತಿದ್ದುಪಡಿ ಜಾರಿಗೆ ಬಂದದ್ದು 1994ರ ಜುಲೈ 30ರಂದು, ಅದೂ ಆ ಹೊತ್ತಿಗೆ ಮದುವೆಯಾಗಿದ್ದವರನ್ನು ಹೊರಗಿಟ್ಟು. ಮದುವೆಯಾದವರನ್ನೂ ಒಳಗೆ ತಂದದ್ದು 2005ರ ಕೇಂದ್ರದ ಕಾಯ್ದೆ. ಆ ದಿನ ಅಪ್ಪ ಬದುಕಿರಬೇಕಿತ್ತೇ ಇಲ್ಲವೇ ಎಂಬ ವ್ಯಾಜ್ಯವೇ ಮತ್ತೆ ಹದಿನೈದು ವರ್ಷ ನಡೆದು, ಬದುಕಿರಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2020ರ ಆಗಸ್ಟಿನಲ್ಲಿ. ಅಷ್ಟರಲ್ಲಿ ಅಜ್ಜಿಯೂ ಇರಲಿಲ್ಲ, ಅವಳ ಅಣ್ಣಂದಿರೂ ಇರಲಿಲ್ಲ. ಇಪ್ಪತ್ತು ಎಕರೆಯಲ್ಲಿ ಬಹುಪಾಲು ಬಡಾವಣೆಯ ಸೈಟುಗಳಾಗಿ ಹಂಚಿಹೋಗಿತ್ತು.

ಅಜ್ಜಿಯ ಎರಡೂವರೆ ಎಕರೆ ಮಾತ್ರ ಇನ್ನೂ ಉಳಿದಿದೆ. ನನ್ನ ಚಿಕ್ಕಮ್ಮ ಅದನ್ನು ಮಾಡಿಸುತ್ತಾರೆ. ಮೊದಲ ಮಳೆ ಬಿದ್ದ ಮೇಲೆ ಬಾಡಿಗೆ ಟ್ರ್ಯಾಕ್ಟರಿನಿಂದ ಉಳಿಸಿ, ರಾಗಿ ಬಿತ್ತಿ, ಪ್ರತಿ ಆರನೆಯದೋ ಏಳನೆಯದೋ ಸಾಲಿಗೆ ಅವರೆ, ತೊಗರಿ ಹಾಕಿಸುತ್ತಾರೆ. ಆ ಸಾಲನ್ನು ಅವರು ಅಕ್ಕಡಿ ಎನ್ನುತ್ತಾರೆ.